ಇಪ್ಪತ್ತೊಂದು ಅಡಿ ಫಿಲ್ಮು

ಹೋದ ತಿಂಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದ ನನ್ನ ಬಸ್ಸು ರಾಯಾಪುರದ ಹತ್ತಿರ ಬಹಳ ಹೊತ್ತು ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಪಕ್ಕದ ಸೀಟಿನ ಹುಡುಗಿ ಬೇಸರ ಕಳೆಯಲು ಚೀಲದಿಂದ ಉಗುರುಬಣ್ಣದ ಶೀಶೆ ತೆಗೆದು ಮುಚ್ಚಳ ತಿರುವಿದಳು. ತೀರ ಕಳಿತ ಬಾಳೆಹಣ್ಣಿನಂಥ, ಮೂಗಿನ ಮೇಲ್ಭಾಗಕ್ಕೆ ಚುಚ್ಚುವಂಥ ವಾಸನೆ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ನಾನು ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಒತ್ತಿ ಹಿಡಿದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹತ್ತರವರೆಗೆ ಎಣಿಸಬೇಕು. ಅದಕ್ಕೆ ಮೊದಲು ಕೈಬಿಟ್ಟರೆ ಜಾಯಿಂಟು ನಿಲ್ಲುವುದಿಲ್ಲ.

"ಅಜ್ಜಾರ, ವಾಸನಿ ತ್ರಾಸ ಆಗಾಕತ್ತೇತೇನ್ರಿ?" ಎಂದು ಹುಡುಗಿ ಕೇಳಿದಳು.

"ಇಲ್ಲವಾ. ಹಚ್ಕೋ," ಎಂದೆ.

ಮದ್ರಾಸಿನ ಎಡಿಟಿಂಗ್ ಕೋಣೆಗಳಲ್ಲಿ, ಆಮೇಲೆ ಟೀವಿ ಕೇಂದ್ರವೊಂದರಲ್ಲಿ, ಒಟ್ಟು ಮೂವತ್ತೈದು ವರ್ಷ ನಾನು ಫಿಲ್ಮು ಕತ್ತರಿಸಿ ಅಂಟಿಸುವ ಕೆಲಸ ಮಾಡಿದ್ದೇನೆ. ಆ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದವರಿಗೆಲ್ಲ, ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯರು ಪತ್ರ ಕೊಟ್ಟು ಕಳಿಸಿದರು ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ಪತ್ರ ಯಾಕೆ ಕೊಟ್ಟರು ಎಂಬುದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ. ನನಗೆ ಗೊತ್ತಿದ್ದಷ್ಟನ್ನು, ನಡೆದ ಕ್ರಮದಲ್ಲೇ.

ಅರವತ್ತರ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿ ಸ್ಟೇಶನ್ನಿನ ಹತ್ತಿರ, ಮಹಡಿಯ ಮೇಲೆ, ಸಿನೆಮಾ ಪ್ರಿಂಟುಗಳನ್ನು ಊರೂರಿಗೆ ಕಳಿಸುವ ಒಂದು ಆಫೀಸಿತ್ತು. ನಾನು ಅಲ್ಲಿ ಚೆಕರ್. ಇಪ್ಪತ್ತೊಂದು ವಯಸ್ಸು. ನನ್ನ ಅಪ್ಪ ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಸಾಲಿ ಮಾಸ್ತರರು. ನಾನು ಮಾಸ್ತರಿಕೆಯ ಟ್ರೇನಿಂಗನ್ನು ಅರ್ಧಕ್ಕೆ ಬಿಟ್ಟು ಸಿನೆಮಾ ಡಬ್ಬಿಗಳ ಹಿಂದೆ ಬಂದದ್ದಕ್ಕೆ ಅವರು ನನ್ನೊಡನೆ ಮಾತು ನಿಲ್ಲಿಸಿದ್ದರು. ಬೈರಿದೇವರಕೊಪ್ಪದಲ್ಲಿ ಒಂದು ಖೋಲಿ ಹಿಡಿದಿದ್ದೆ. ಆಗ ಅದು ಹೊಲಗಳ ನಡುವಿನ ಹಳ್ಳಿ. ಅಲ್ಲಿಂದ ದಿನಾ ಹುಬ್ಬಳ್ಳಿಗೆ ನಡೆದು ಬರುತ್ತಿದ್ದೆ.

ಮಳೆಗಾಲ ಮುಗಿದು ದೀಪಾವಳಿ ಬಂತೆಂದರೆ ಹಳ್ಳಿಗಳಲ್ಲಿ ಟೂರಿಂಗ್ ಟಾಕೀಸಿನ ಡೇರೆಗಳು ಏಳುತ್ತಿದ್ದವು. ನಮ್ಮ ತಗಡಿನ ಪೆಟ್ಟಿಗೆಗಳು ಬಸ್ಸಿನ ನೆತ್ತಿಯ ಮೇಲೆ, ರೈಲಿನಲ್ಲಿ, ಚಕ್ಕಡಿಯಲ್ಲಿ ಹೊರಡುತ್ತಿದ್ದವು. ತಿರುಗಿ ಬಂದಾಗ ಒಳಗಿನ ರೀಲುಗಳ ಮೈಯೆಲ್ಲ ಗೀರು, ಎಣ್ಣೆ, ಧೂಳು. ಅಂಚಿನ ತೂತುಗಳು ಹರಿದಿರುತ್ತಿದ್ದವು. ಮುಂದಿನ ಊರಿಗೆ ಕಳಿಸುವ ಮೊದಲು ಪ್ರತಿಯೊಂದು ರೀಲನ್ನೂ ಎರಡು ಬೆರಳುಗಳ ನಡುವೆ ಹಾಯಿಸಿ ನೋಡುವುದು ಚೆಕರ್‌ನ ಕೆಲಸ. ಹರಿದ ತೂತು ಬೆರಳಿಗೆ ತಾಗುತ್ತದೆ. ಅಲ್ಲಿ ನಿಲ್ಲಿಸಿ, ಕೆಟ್ಟ ತುಂಡನ್ನು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ಕೆರೆದು, ಸಿಮೆಂಟೆಂದು ಕರೆಯುತ್ತಿದ್ದ ಆ ಬಾಳೆಹಣ್ಣಿನ ವಾಸನೆಯ ದ್ರವ ಸವರಿ, ಎರಡು ತುದಿ ಸೇರಿಸಿ ಒತ್ತಿ, ಹತ್ತು ಎಣಿಸಬೇಕು.

ಈ ಕೆಲಸ ನನಗೆ ಕಲಿಸಿದವರು ಇಮಾಮಸಾಬರು. ಮೂವತ್ತು ವರ್ಷ ಅದೇ ಕಿಟಕಿಯ ಪಕ್ಕ ಕೂತವರು. ಎರಡೂ ಕಣ್ಣಿಗೆ ಪೊರೆ ಬಂದು ಕಿಟಕಿ ಯಾವುದು ಗೋಡೆ ಯಾವುದು ಎಂಬಷ್ಟು ಮಾತ್ರ ಕಾಣುತ್ತಿತ್ತು. ಅದರಿಂದ ಕೆಲಸಕ್ಕೇನೂ ಅಡ್ಡಿಯಾಗಿರಲಿಲ್ಲ. ಅವರು ಕಣ್ಣು ಮುಚ್ಚಿ ರೀಲು ಹಾಯಿಸುತ್ತ, ಬೆರಳಿಗೆ ತಾಗಿದ ಪ್ರತಿ ಜಾಯಿಂಟನ್ನೂ ಯಾರದೆಂದು ಹೇಳುತ್ತಿದ್ದರು. "ಇದು ನಂದು. ಇದು ಡೇರೇದು, ಬ್ಲೇಡ್ ಹಚ್ಚೇ ಇಲ್ಲ ಸುಡಗಾಡ. ಇದು ನಿಂದು. ದಪ್ಪ ಆಗೇತಿ, ಬೇಟಾ. ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ ಆಗೇತಿ."

ನನಗೆ ಮದ್ರಾಸಿಗೆ ಹೋಗಬೇಕೆಂಬ ಆಸೆ ಇದ್ದದ್ದು ಅವರಿಗೆ ಗೊತ್ತಿತ್ತು. ಅವರ ಕೈಕೆಳಗೆ ಕಲಿತ ಒಬ್ಬಾತ ಅಲ್ಲಿ ಎಡಿಟಿಂಗ್ ಕೋಣೆಯಲ್ಲಿ ಸಹಾಯಕನಾಗಿದ್ದ. ಒಂದು ಪತ್ರ ಕೊಡಿರಿ ಎಂದು ಎರಡು ಸಲ ಕೇಳಿದ್ದೆ.

"ಕೊಡತೇನಿ," ಎಂದಿದ್ದರು. "ನನ್ನ ಬೆರಳಿಗೆ ಸಿಗಲಾರದಂಥ ಒಂದು ಜಾಯಿಂಟ್ ಮಾಡಿ ತೋರಸು. ಅವತ್ತ ಕೊಡತೇನಿ."

ನೀಲಾಂಬಿಕಾ ಬಂದದ್ದು ದೀಪಾವಳಿಯಾದ ಎರಡು ವಾರಕ್ಕೆ, ಒಂದು ಮಧ್ಯಾಹ್ನ. ಜೊತೆಗೆ ಆಕೆಯ ಸೋದರಮಾವ ರುದ್ರಪ್ಪ. ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಬಾಯಲ್ಲಿ ಎಲೆ. ನಾಟಕದ ಮನುಷ್ಯ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

"ಈಕಿ ನಮ್ಮ ಅಕ್ಕನ ಮಗಳ್ರಿ. ಉಪ್ಪಿನಬೆಟಗೇರಿ ಹತ್ತಿ ಸಾವಕಾರ್ರ ಮಗಳು. ನಿಮ್ಮ ಪಿಚ್ಚರ್‌ನ್ಯಾಗ ಅದಾಳ್ರಿ," ಎಂದು ರುದ್ರಪ್ಪ ಸಿನೆಮಾದ ಹೆಸರು ಹೇಳಿದ.

"ಯಾವ ರೀಲಿನ್ಯಾಗ?" ಇಮಾಮಸಾಬರು ಕೇಳಿದರು.

"ರೀಲು ಯಾರಿಗೆ ಗೊತ್ರಿ? ಇಂಟರ್ವಲ್ ಆದಮ್ಯಾಲ ಬರತಾಳ. ಸ್ಟೇಶನ್ ಮಾಸ್ತರನ ಮನ್ಯಾಗ."

"ಒಂಬತ್ತನೇದು," ಎಂದೆ ನಾನು. ಆ ಪ್ರಿಂಟು ಅಷ್ಟರೊಳಗೆ ನಾಲ್ಕು ಸಲ ನನ್ನ ಬೆರಳ ನಡುವೆ ಹಾದಿತ್ತು. ಆಕೆ ನನ್ನ ಕಡೆ ನೋಡಿದಳು. ಪರದೆಯ ಮೇಲಿನ ಮುಖಕ್ಕಿಂತ ಎದುರಿನ ಮುಖ ಚಿಕ್ಕದು. ಹುಬ್ಬಿನ ಹತ್ತಿರ ಒಂದು ಗಾಯದ ಕಲೆ. ಸಿನೆಮಾದಲ್ಲಿ ಅದನ್ನು ಬಣ್ಣದಿಂದ ಮುಚ್ಚಿದ್ದರು.

ಆ ದೃಶ್ಯ ಹೀಗಿತ್ತು. ದೂರದಿಂದ ನಡೆದು ಬಂದ ನಾಯಕ ಸ್ಟೇಶನ್ ಮಾಸ್ತರನ ಮನೆಯ ಬಾಗಿಲು ಬಡಿಯುತ್ತಾನೆ. ಮಾಸ್ತರನ ತಂಗಿ ಅಗಳಿ ಸರಿಸಿ ಬಾಗಿಲು ತೆರೆದು, "ದೂರದಿಂದ ಬಂದಿದ್ದೀರಿ. ಕೂತ್ಕೊಳ್ಳಿ, ನೀರು ತರ್ತೀನಿ," ಎನ್ನುತ್ತಾಳೆ. ಮುಂದಿನ ಚಿತ್ರದಲ್ಲಿ ನಾಯಕ ಒಳಗೆ ಕೂತು ಲೋಟ ಹಿಡಿದಿರುತ್ತಾನೆ. ಆ ತಂಗಿ ಸಿನೆಮಾದಲ್ಲಿ ಮತ್ತೆ ಬರುವುದಿಲ್ಲ. ಒಟ್ಟು ಇಪ್ಪತ್ತೊಂದು ಅಡಿ ಫಿಲ್ಮು. ಪರದೆಯ ಮೇಲೆ ಹದಿನಾಲ್ಕು ಸೆಕೆಂಡು.

ಆಕೆ ಅದನ್ನು ನೋಡಿಯೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸಿನೆಮಾ ಒಂದೇ ವಾರ ಓಡಿತ್ತು. ಆ ವಾರ ಮನೆಯಲ್ಲಿ ಯಾರೂ ಆಕೆಯನ್ನು ಕಳಿಸಿರಲಿಲ್ಲ. ರುದ್ರಪ್ಪ ಒಬ್ಬನೇ ಬಂದು ನೋಡಿದ್ದ. ನಾನು ಒಂಬತ್ತನೇ ರೀಲು ತೆಗೆದು, ಆ ಜಾಗ ಹುಡುಕಿ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಕೆ ಸೆರಗಿನ ತುದಿಯಿಂದ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದಳು.

"ಇಷ್ಟ ಸಣ್ಣಾಕೇನ್ರಿ ನಾನು?"

"ಪರದೆ ಮ್ಯಾಲ ಆನಿಯಂಥಾಕಿ ಆಗತಿ, ಬಿಡವಾ," ಎಂದರು ಇಮಾಮಸಾಬರು.

ರುದ್ರಪ್ಪ ನಕ್ಕ. "ಆ ಒಂದ ಮಾತ ಹನ್ನೊಂದ ಸಲ ಹೇಳಿಸಿದ್ರು ನೋಡ್ರಿ. ಈಕಿ ನಮ್ಮ ಕಡೆ ಹಂಗ 'ಕೂಡ್ರಿ, ನೀರ ತರತೇನಿ' ಅಂತ ಅಂದ್ಲು. ಆ ಡೈರೆಕ್ಟರಗ ಜಗಳಾ ತಗದಂಗ ಕೇಳಿಸಿತಂತ!"

"ಮಾವಾ, ಸಾಕು," ಎಂದಳಾಕೆ. ಆದರೆ ತಾನೂ ನಗುತ್ತಿದ್ದಳು.

ಅವರು ಬಂದ ಕಾರಣ ಬೇರೆ. ಅದೇ ಡೈರೆಕ್ಟರನಿಂದ ಪತ್ರ ಬಂದಿತ್ತು. ಹೊಸ ಸಿನೆಮಾದಲ್ಲಿ ನಾಯಕನ ಅಕ್ಕನ ಪಾತ್ರ, ಕಡೆಯವರೆಗೂ ಇರುವಂಥದು; ಯುಗಾದಿ ದಾಟಿದ ಮೇಲೆ ಮದ್ರಾಸಿಗೆ ಬರಬೇಕು. ಸಾವಕಾರರು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಮೊದಲ ಸಲ ರುದ್ರಪ್ಪ ಆಕೆಯನ್ನು ಹನ್ನೆರಡು ದಿನ ಮದ್ರಾಸಿಗೆ ಕರೆದೊಯ್ದಾಗಲೇ ಊರಲ್ಲಿ ಮಾತು ಎದ್ದಿತ್ತು. ಅದಕ್ಕೆ ಅವರು ಒಂದು ಷರತ್ತು ಹಾಕಿದ್ದರು. ಆ ಸಿನೆಮಾ ನಮ್ಮೂರ ಡೇರೆಗೆ ಬರಲಿ. ನಾನು ಓಣಿಯ ಹಿರಿಯರ ಜೊತೆ ಕೂತು ನೋಡುತ್ತೇನೆ. ನೋಡಿದವರು ಯಾರೂ ತಲೆ ತಗ್ಗಿಸುವಂಥದಿಲ್ಲ ಎಂದಾದರೆ ನಾನೇ ಸ್ಟೇಶನ್ನಿಗೆ ಬಂದು ಹತ್ತಿಸುತ್ತೇನೆ.

ಉಪ್ಪಿನಬೆಟಗೇರಿಯ ಸರದಿ ಯಾವಾಗ ಎಂದು ನೋಡಿ ಹೇಳಿದೆ. ಯುಗಾದಿಯ ಹಿಂದಿನ ವಾರ.

ಹೋಗುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿದಳು. "ಅಲ್ಲೀತನಕಾ ಇದು ಹಿಂಗ ಇರತೈತೇನ್ರಿ? ಮಾವ ಹೇಳತಿದ್ದ, ಡೇರೇದಾಗ ಹರಿತೈತಿ ಅಂತ."

"ಇರತೈತ್ರಿ. ನಾ ನೋಡ್ಕೋತೇನಿ," ಎಂದೆ.

ಇದು ನಾನು ಕೊಟ್ಟ ಮಾತು. ಯಾರೂ ಕೇಳದೆ ಇದ್ದ 'ನಾ ನೋಡ್ಕೋತೇನಿ' ಎಂಬುದನ್ನು ನಾನೇ ಸೇರಿಸಿದ್ದೆ.

ಆ ಚಳಿಗಾಲವೆಲ್ಲ ಆ ಪೆಟ್ಟಿಗೆ ಬಂದಾಗ ಮೊದಲು ಒಂಬತ್ತನೇ ರೀಲನ್ನೇ ತೆಗೆಯುತ್ತಿದ್ದೆ. ಅಂಚಿಗೆ ಅಡಿಪಟ್ಟಿ ಹಿಡಿದು ಅಳೆಯುತ್ತಿದ್ದೆ. ಮೊದಲ ಸಲ ಏಳು ಫ್ರೇಮು, ಅಂದರೆ ಏಳು ಬಿಡಿ ಚಿತ್ರ, ಹೋಗಿತ್ತು; ಒಂದು ಅಡಿಗೆ ಹದಿನಾರು. ಇನ್ನೊಮ್ಮೆ ಹನ್ನೊಂದು. ಡೇರೆಯ ಆಪರೇಟರನಿಗೆ ಹರಿದ ಕೂಡಲೇ ಕತ್ತರಿಸಿ ಅಂಟಿಸಿ ಆಟ ಮುಂದುವರಿಸುವುದಷ್ಟೇ ಕೆಲಸ; ಜನ ಕೂಗುತ್ತಿರುತ್ತಾರೆ. ಸಂಕ್ರಮಣದ ಹೊತ್ತಿಗೆ ಆಕೆಯ ಇಪ್ಪತ್ತೊಂದು ಅಡಿ ಹತ್ತೊಂಬತ್ತು ಅಡಿ ಆರು ಫ್ರೇಮಿಗೆ ಇಳಿದಿತ್ತು. ಬಾಗಿಲು ತೆರೆದು ಆಕೆ ಕಣ್ಣೆತ್ತುವ ಮೊದಲ ಕ್ಷಣವೇ ಹೋಗಿಬಿಟ್ಟಿತ್ತು.

ಸಂಕ್ರಮಣ ಮುಗಿಸಿ ಇಮಾಮಸಾಬರು ಕಣ್ಣಿನ ಆಪರೇಶನ್ನಿಗೆ ಮಿರಜಿಗೆ ಹೋದರು. ಅಲ್ಲಿಂದ ಮಗಳ ಮನೆಗೆ ಹೋಗಿ ಮಳೆಗಾಲದ ಮುಂದೆ ಬರುವುದಾಗಿ ಹೇಳಿದ್ದರು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಈಗ ನಾನೊಬ್ಬನೇ. ಅವರು ಹೋದ ವಾರವೇ ಪ್ರಿಂಟು ತಿರುಗಿ ಬಂತು. ಒಂಬತ್ತನೇ ರೀಲಿನಲ್ಲಿ ನಾಯಕ ಬಾಗಿಲು ಬಡಿಯುವ ಭಾಗದ ತೂತುಗಳು ಉದ್ದಕ್ಕೂ ಹರಿದಿದ್ದವು. ಹರಕು ಆಕೆಯ ಚಿತ್ರಕ್ಕೆ ಒಂದು ಅಡಿ ಮೊದಲು ನಿಂತಿತ್ತು. ಮುಂದಿನ ಸಲ ಆಕೆಯದೇ ಸರದಿ ಎಂದು ನನಗೆ ಅನ್ನಿಸಿತು. ಯುಗಾದಿಗೆ ಇನ್ನೂ ಎರಡು ತಿಂಗಳು; ನಡುವೆ ಆರು ಡೇರೆಗಳು.

ಆಗ ನಾನು ಮಾಡಿದ್ದು ಇಷ್ಟು. ಆಕೆಯ ತುಂಡನ್ನು ಎರಡೂ ಕಡೆ ಕತ್ತರಿಸಿ ರೀಲಿನಿಂದ ತೆಗೆದೆ. ಡೇರೆಗಳಲ್ಲಿ ಕೆಡದಂತೆ ಬೇರೆ ಇಟ್ಟು, ಉಪ್ಪಿನಬೆಟಗೇರಿಗೆ ಪೆಟ್ಟಿಗೆ ಹೊರಡುವ ಮುನ್ನಾದಿನ ತಿರುಗಿ ಸೇರಿಸುವುದು ನನ್ನ ಎಣಿಕೆ. ಉಳಿದ ಎರಡು ತುದಿಗಳನ್ನು ಕೂಡಿಸಿದೆ. ಅವಸರವೇನೂ ಇರಲಿಲ್ಲ. ಅಂಚನ್ನು ಕಾಗದದಷ್ಟು ತೆಳ್ಳಗೆ ಕೆರೆದೆ. ಹತ್ತರ ಬದಲು ಇಪ್ಪತ್ತು ಎಣಿಸಿದೆ.

ಆ ಮಧ್ಯಾಹ್ನ ಪರೀಕ್ಷೆಗೆಂದು ರೀಲನ್ನು ಹತ್ತಿರದ ಟಾಕೀಸಿನ ಯಂತ್ರದ ಮೇಲೆ ಹಾಯಿಸಿ ನೋಡಿದಾಗ ಒಂದು ಸಂಗತಿ ತಿಳಿಯಿತು. ಫಿಲ್ಮಿನ ಮೇಲೆ ಸದ್ದನ್ನು ಅದರ ಚಿತ್ರಕ್ಕಿಂತ ಇಪ್ಪತ್ತು ಫ್ರೇಮು ಮೊದಲೇ ಅಚ್ಚು ಮಾಡಿರುತ್ತಾರೆ. ಹಾಗಾಗಿ ಆಕೆಯ ಚಿತ್ರ ಹೋದರೂ ಆಕೆ ಅಗಳಿ ಸರಿಸಿದ ಸದ್ದು ಹಿಂದಿನ ತುಂಡಿನಲ್ಲಿ ಉಳಿದುಕೊಂಡಿತ್ತು. ನಾಯಕ ಬಡಿಯುತ್ತಾನೆ, ಅಗಳಿ ಸರಿಯುತ್ತದೆ, ನಾಯಕ ಒಳಗೆ ಕೂತು ನೀರು ಕುಡಿಯುತ್ತಿದ್ದಾನೆ. ಏನೂ ಕಡಿಮೆಯಾದಂತೆ ತೋರಲಿಲ್ಲ. ಮೊದಲಿಂದ ಹಾಗೇ ಇತ್ತೇನೋ ಅನ್ನಿಸುವಂತಿತ್ತು. ನನಗೆ ಆಗ ಆದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ.

ತುಂಡನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಖೋಲಿಗೆ ತಂದೆ. ಆಫೀಸಿನಲ್ಲಿ ಇಡುವಂತಿರಲಿಲ್ಲ. ಪ್ರಿಂಟಿನಿಂದ ಒಂದು ಅಡಿ ತೆಗೆದಿಟ್ಟುಕೊಂಡಿದ್ದು ಗೊತ್ತಾದರೂ ಕೆಲಸದಿಂದ ತೆಗೆಯುತ್ತಿದ್ದರು.

ಬೈರಿದೇವರಕೊಪ್ಪದಲ್ಲಿ ನನಗೆ ಮಾತಾಡುವವರು ಯಾರೂ ಇರಲಿಲ್ಲ. ಖೋಲಿಯ ಹಿಂದೆ ಜೋಳದ ಹೊಲ, ಸುಗ್ಗಿಯಾಗಿ ಬರೀ ಕೂಳೆ ಉಳಿದದ್ದು. ರವಿವಾರ ಬಟ್ಟೆ ಒಗೆದು ಹಾಕಿದ ಮೇಲೆ ದಿನ ಮುಂದೆ ಸರಿಯುತ್ತಿರಲಿಲ್ಲ. ಫಿಲ್ಮು ಸುರುಳಿ ಸುತ್ತಿಯೇ ಇಟ್ಟರೆ ಬಿರುಸಾಗುತ್ತದೆ; ವಾರಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಿಡಿಯಬೇಕು. ಹಾಗೆಂದು ರವಿವಾರ ಡಬ್ಬಿ ತೆಗೆಯುತ್ತಿದ್ದೆ. ಮೊದಲೆರಡು ವಾರ ಗಾಳಿಗೆ ಹಿಡಿದು ಸುತ್ತಿ ಇಟ್ಟೆ. ಆಮೇಲೆ ಕಿಟಕಿಯ ಹತ್ತಿರ ಕೂತು ಒಂದೊಂದೇ ಫ್ರೇಮು ನೋಡುವುದಾಯಿತು. ಎಷ್ಟನೆಯದರಲ್ಲಿ ಆಕೆ ರೆಪ್ಪೆ ಮುಚ್ಚುತ್ತಾಳೆ, ಎಷ್ಟನೆಯದರಲ್ಲಿ 'ನೀರು' ಎನ್ನಲು ತುಟಿ ಬಿಡುತ್ತದೆ ಎಂಬುದು ಬಾಯಿಪಾಠವಾಯಿತು. ಆ ವಾರಗಳಲ್ಲಿ ನನ್ನನ್ನು ಕೂತುಕೊಳ್ಳಿ ಎಂದವರು ಬೇರೆ ಯಾರೂ ಇರಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ ಅಡ್ಡಮಳೆ ಬಂತು. ಗಾಳಿಗೆ ಅಳ್ನಾವರದ ಕಡೆಯ ಒಂದು ಡೇರೆ ಹಾರಿತೆಂದು ಆಫೀಸಿನಲ್ಲಿ ಮಾತಾಡಿಕೊಂಡದ್ದು ಕಿವಿಗೆ ಬಿದ್ದಿತ್ತು. ನಮ್ಮ ಪೆಟ್ಟಿಗೆ ಇದ್ದದ್ದು ಅಲ್ಲೇ. ಆಟ ನಿಂತರೆ ಪೆಟ್ಟಿಗೆ ಬೇಗ ಬರುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಮರುದಿನ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ಕಾರಕೂನರನ್ನು ಕೇಳಿದೆ.

"ಆ ಪೆಟಗಿ ಅಲ್ಲಿಂದ ಅಲ್ಲಿಗೇ ಹೋತಲ್ಲೋ," ಎಂದರವರು ಬರೆಯುವುದನ್ನು ನಿಲ್ಲಿಸದೆ. "ಡೇರೆ ಹಾರಿತು, ಸುಮ್ನ ಯಾಕ ಇಲ್ಲಿಗೆ ತರಸೂದು ಅಂತ ನೇರ ಉಪ್ಪಿನಬೆಟಗೇರಿಗೆ ಹಾಕಸಿದೆ. ನಿನ್ನಿ ಸಂಜಿಂದ ಸುರು ಆಗೇತಿ. ಯಾಕ?"

"ಏನಿಲ್ರಿ," ಎಂದೆ.

ಖೋಲಿಗೆ ಹೋಗಿ ಡಬ್ಬಿ ತಗೊಂಡೆ. ಕತ್ತರಿ, ಬ್ಲೇಡು, ಸಿಮೆಂಟಿನ ಶೀಶೆ ಚೀಲದಲ್ಲಿ ಹಾಕಿದೆ. ಧಾರವಾಡದಲ್ಲಿ ಬಸ್ಸು ಬದಲಿಸಿ ಉಪ್ಪಿನಬೆಟಗೇರಿ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ದಾರಿಯ ಉದ್ದಕ್ಕೂ ಕಪ್ಪು ನೆಲ, ಬಿಡಿಸಿ ಮುಗಿದ ಹತ್ತಿಯ ಗಿಡ. ಸಾವಕಾರರ ಮನೆ ಯಾವುದೆಂದು ಕೇಳಿದ್ದಕ್ಕೆ ಕಟ್ಟೆಯ ಮೇಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾವ ಸಾವಕಾರ್ರು? ಮಗಳು ಗಾಳಿಯಾಗಿ ಬಂದು ನೀರ ಕೊಟ್ಟ ಹೋದ್ಲಲ್ಲ, ಅವರ?" ಎಂದ ಒಬ್ಬ. ಇನ್ನೊಬ್ಬ ನಗು ತಡೆಯಲು ಬಾಯಿಗೆ ಕೈ ಹಿಡಿದ.

ಪಡಸಾಲೆಯ ತುಂಬ ಹತ್ತಿ ಒಟ್ಟಿತ್ತು. ಅದರ ನಡುವೆ ಸಾವಕಾರರು ಒಬ್ಬರೇ ಕೂತಿದ್ದರು. ಕೈಯಲ್ಲಿ ಚಿಟಿಕೆ ಹತ್ತಿ ಹಿಡಿದು ಎಳೆ ಎಷ್ಟು ಉದ್ದ ಬರುತ್ತದೆಂದು ಜಗ್ಗಿ ನೋಡುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೂತುಕೊ ಎಂದು ಕೈ ತೋರಿಸಿದರು. ನಾನು ನಡೆದದ್ದನ್ನು ಮೊದಲಿಂದ ಹೇಳಿ, ಡಬ್ಬಿ ತೆರೆದು ಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಹತ್ತಿಯ ಎಳೆಯಂತೆಯೇ ಎರಡು ಕೈಯಿಂದ ಜಗ್ಗಿ ಬಾಗಿಲ ಬೆಳಕಿಗೆ ಹಿಡಿದರು.

"ಈಕಿ ನೀಲಾ," ಎಂದರು.

"ಹೌದ್ರಿ."

"ಆಕಿ ಹೇಳಿದ್ಲು, ಅಂವ ಬಾಗಲಾ ಬಡೀತಾನ, ನಾ ತಗೀತೇನಿ ಅಂತ. ನಾವು ಆರ ಮಂದಿ ಮುಂದಿನ ಖುರ್ಚಿ ಮ್ಯಾಲ ಕೂತಿದ್ವಿ. ಅಂವ ಬಡದ. ಅಗಳಿ ಸಪ್ಪಳಾತು. ನಾ ಮುಂದ ಬಗ್ಗಿ ಕೂತೆ." ಅವರು ಪಟ್ಟಿಯನ್ನು ಮಡಿಲಿಗೆ ಇಳಿಸಿದರು. "ಬಾಗಲಾ ತಗದವರ ಯಾರೂ ಇಲ್ಲ. ಹಿಂದಿನವರು ನಕ್ಕರು. ಮನಿಗೆ ಬಂದು ನಾ ಆಕಿನ್ನ ಒಂದ ಮಾತ ಕೇಳಿದೆ. ಹನ್ನೆರಡ ದಿನಾ ನೀ ಎಲ್ಲಿದ್ದಿ?"

"ಮದ್ರಾಸಿನ್ಯಾಗ ಇದ್ರು. ಇದು ಅಲ್ಲೇ ತಗದದ್ರಿ. ತಪ್ಪು ನಂದು. ಇವತ್ತಿನ ಆಟಕ್ಕ ಕೂಡಿಸಿ ಬಿಡತೇನ್ರಿ. ನೀವು ಹಿರ್ಯಾರನ್ನ ಕರಕೊಂಡು ಮತ್ತೊಮ್ಮಿ ಬರ್ರಿ."

ಅವರ ಮುಖ ಮೆತ್ತಗಾದಂತೆ ನನಗೆ ತೋರಿತು. ಪಟ್ಟಿಯನ್ನು ಮತ್ತೆ ನೋಡಿದರು. ಆಮೇಲೆ ಕೇಳಿದರು.

"ಯಾವಾಗ ತಗದಿದ್ದಿ ಇದನ್ನ?"

"ಸಂಕ್ರಮಣ ಆದಮ್ಯಾಲ್ರಿ."

"ಎರಡ ತಿಂಗಳಾತು. ಎಲ್ಲಿಟ್ಟಿದ್ದಿ?"

"ಈ ಡಬ್ಯಾಗ್ರಿ."

"ಡಬ್ಬಿ ಎಲ್ಲಿತ್ತು?"

"ನನ್ನ ಖೋಲ್ಯಾಗ್ರಿ."

"ಯಾರ್ಯಾರು ಅದಾರ ಖೋಲ್ಯಾಗ?"

"ನಾ ಒಬ್ನ ರೀ."

"ತಗದು ನೋಡತಿದ್ದೇನು?"

ಇಲ್ಲ ಎನ್ನಬಹುದಿತ್ತು. ಒಂದು ಸುಳ್ಳು ಹೇಳಿದ್ದರೆ ಆ ಹೊತ್ತಿಗೆ ಏನಾಗುತ್ತಿತ್ತೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. "ನೋಡತಿದ್ದೆ," ಎಂದೆ. "ವಾರಕ್ಕೊಮ್ಮಿ. ಸುರುಳಿ ಬಿರಸಾಗಬಾರದಂತ." ನನ್ನ ಧ್ವನಿ ಹೇಗಿತ್ತೋ ಗೊತ್ತಿಲ್ಲ. ಮುಖಕ್ಕೆ ಬಿಸಿಯೇರಿದ್ದು ಗೊತ್ತಾಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ನನ್ನ ಮಗಳು ಎರಡ ತಿಂಗಳು ನಿನ್ನ ಖೋಲ್ಯಾಗ ಇದ್ಲು," ಎಂದರು. ಸಿಟ್ಟಿನಿಂದಲ್ಲ. ಲೆಕ್ಕ ಸರಿ ಇದೆಯೇ ಎಂದು ಕೇಳುವವರಂತೆ. "ಇದನ್ನ ನಾ ಹಿರ್ಯಾರಿಗೆ ಹೋಗಿ ಹೇಳ್ಲೇನು?"

ಅಷ್ಟರಲ್ಲಿ ನೀಲಾಂಬಿಕಾ ಹೊರಗೆ ಬಂದಳು. ಮನೆಗೆ ಬಂದವರಿಗೆ ಕೊಡುವಂತೆ ಒಂದು ತಟ್ಟೆಯಲ್ಲಿ ಬೆಲ್ಲದ ಚೂರು, ನೀರಿನ ತಂಬಿಗೆ. ನನ್ನ ಮುಂದೆ ಇಟ್ಟಳು. ಕಣ್ಣು ಬಾತಿದ್ದವು. ಹುಬ್ಬಿನ ಕಲೆ ಅಷ್ಟು ಕೆಂಪಾಗಿದ್ದುದನ್ನು ನಾನು ಮೊದಲು ನೋಡಿರಲಿಲ್ಲ.

"ಕೂಡಸಬ್ಯಾಡ್ರಿ," ಎಂದಳು ನನಗೆ.

"ಅಕ್ಕಾರ, ಇವತ್ತಿನ ಆಟದಾಗ ಎಲ್ಲಾರೂ ನೋಡತಾರ..."

"ನೋಡತಾರ. ನೋಡಿ, ನಿನ್ನಿ ಎಲ್ಲಿದ್ಲು ಅಂತ ಕೇಳತಾರ. ಅದಕ್ಕ ಏನ ಹೇಳೂಣ್ರಿ?"

ಸಾವಕಾರರು ಪಟ್ಟಿಯನ್ನು ಸುತ್ತತೊಡಗಿದರು. ಬೆರಳಿನ ಗುರುತು ಬೀಳುವಂತೆ, ಮೈಮೇಲೆ ಗೀರು ಬೀಳುವಂತೆ ಸುತ್ತುತ್ತಿದ್ದರು. ಅಂಚು ಹಿಡಿದು ಸುತ್ತಬೇಕು ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ. ಡಬ್ಬಿಗೆ ಹಾಕಿ, ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು, "ನೀ ನಡಿ ಇನ್ನ," ಎಂದರು.

ನೀರು ಕುಡಿಯದೆ ಎದ್ದು ಬಂದೆ. ಆ ಮನೆಯಲ್ಲಿ ಹಾಗೆ ಎದ್ದು ಹೋದವರು ಬಹುಶಃ ಯಾರೂ ಇರಲಿಕ್ಕಿಲ್ಲ. ಆಗ ಅದು ನನಗೆ ಹೊಳೆಯಲಿಲ್ಲ. ಡೇರೆಯ ಮುಂದೆಯೇ ಹಾದು ಬಸ್ಸಿಗೆ ಬಂದೆ. ಸಂಜೆಯ ಆಟಕ್ಕೆ ಆಗಲೇ ರೆಕಾರ್ಡು ಹಚ್ಚಿದ್ದರು.

ಬೇಸಿಗೆಯ ನಡುವೆ ರುದ್ರಪ್ಪ ಒಂದು ಸಲ ಆಫೀಸಿಗೆ ಬಂದಿದ್ದ. ಶಲ್ಯ ಇರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತ.

"ಮದ್ರಾಸಿಗೆ ಪತ್ರಾ ಬರದು ಬಿಟ್ರು, ತಮ್ಮಾ. ಹುಡುಗಿ ಬರೂದಿಲ್ಲ ಅಂತ. ನನಗೂ ಆ ಮನಿ ಹೊಸ್ತಿಲಾ ದಾಟಬ್ಯಾಡ ಅಂದಾರ."

"ಅವರು ಏನಂದ್ರು?"

"ಯಾರು, ನೀಲಾನ? ಆಕಿ ಏನಂತಾಳ. ನಾ ಹೋದಾಗ ಹತ್ತಿ ಹಸನ ಮಾಡಾಕತ್ತಿದ್ಲು. ತಲಿ ಎತ್ತಲಿಲ್ಲ." ಅವನು ಕಿಟಕಿಯ ಕಡೆ, ಆಕೆ ನಿಂತು ನೋಡಿದ್ದ ಜಾಗದ ಕಡೆ ನೋಡಿದ. "ಹನ್ನೊಂದ ಸಲ ಹೇಳಿಸಿದ್ರು, ಗೊತ್ತೇನು? ಹನ್ನೊಂದನೇ ಸಲ ಅಲ್ಲಿದ್ದವರೆಲ್ಲ ಚಪ್ಪಾಳಿ ಹೊಡದ್ರು." ಇಷ್ಟು ಹೇಳಿ ಇಳಿದು ಹೋದ. ಅವನು ನನ್ನನ್ನು ಬೈಯಲಿಲ್ಲ. ಬೈಯಲೆಂದೇ ಬಂದಿದ್ದನೆಂದು ನನ್ನ ಊಹೆ.

ಮೊದಲ ಮಳೆ ಬಿದ್ದು ಡೇರೆಗಳೆಲ್ಲ ಬಿಚ್ಚಿದವು. ಪೆಟ್ಟಿಗೆಗಳು ಒಂದೊಂದಾಗಿ ತಿರುಗಿ ಬಂದು ಗೋಡೆಗೆ ಸಾಲಾಗಿ ಕೂತವು. ಇಮಾಮಸಾಬರೂ ಬಂದರು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಬಂದ ಮೊದಲ ದಿನ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ಇಷ್ಟ ಸಣ್ಣಾಂವೇನೋ ನೀ? ದನಿ ಕೇಳಿ ನಾ ಮೀಸಿ ಅದಾವ ಅನಕೊಂಡಿದ್ದೆ," ಎಂದು ನಕ್ಕರು. ಆದರೆ ರೀಲು ಕೈಗೆ ಬಂದ ಕೂಡಲೇ ಕನ್ನಡಕದ ಹಿಂದೆ ಕಣ್ಣು ಮುಚ್ಚಿದರು.

ಅವರು ಆ ಪ್ರಿಂಟನ್ನು ತೆಗೆದದ್ದು ಮೂರನೆಯ ದಿನ. ಹೊರಗೆ ಸಣ್ಣ ಮಳೆ. ಎಂಟು ರೀಲು ಆಯಿತು. ಒಂಬತ್ತನೆಯದು ಹಚ್ಚಿದರು. ನಾನು ಪಕ್ಕದಲ್ಲಿ ನಿಂತು ರೀಲು ಸುತ್ತುವ ಹಿಡಿಕೆ ತಿರುಗಿಸುತ್ತಿದ್ದೆ.

"ಡೇರೇದು. ನಂದು. ಡೇರೇದು. ಇದು ನಿಂದು, ಸುಮಾರೈತಿ."

ಬಾಗಿಲು ಬಡಿಯುವ ಭಾಗ ಬಂತು. ಅವರ ಬೆರಳುಗಳ ನಡುವೆ ಫಿಲ್ಮು ಹರಿಯುತ್ತಿತ್ತು. ಬೆರಳು ನಿಲ್ಲಲಿಲ್ಲ. ಆ ಜಾಗ ದಾಟಿ ಹೋಯಿತು. ರೀಲು ಮುಗಿಯಿತು.

"ಎಷ್ಟ ಜಾಯಿಂಟ ಹೇಳಿದೆ?"

"ಹನ್ನೊಂದ್ರಿ."

"ಇದ್ದದ್ದು?"

ಹನ್ನೊಂದೇ ಎನ್ನಬಹುದಿತ್ತು. ಉಪ್ಪಿನಬೆಟಗೇರಿಯ ಪಡಸಾಲೆಯಲ್ಲಿ ನಿಜ ಹೇಳಿದ ಬಾಯಿ ಇಲ್ಲಿಯೂ ನಿಜವನ್ನೇ ಹೇಳಿತು. "ಹನ್ನೆರಡ್ರಿ."

ಇಮಾಮಸಾಬರು ಕಣ್ಣು ತೆರೆದರು. ರೀಲನ್ನು ತಿರುಗಿ ಸುತ್ತಿಸಿ, ನಾನು ತೋರಿಸಿದ ಜಾಗದಲ್ಲಿ ನಿಲ್ಲಿಸಿ, ಕನ್ನಡಕ ಸರಿಪಡಿಸಿಕೊಂಡು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳಿನಿಂದ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ.

"ಯಾ ಅಲ್ಲಾ! ಹ್ಯಾಂಗ ದಾಟಿತೋ ಇದು ನನ್ನ ಬೆರಳು? ಮೂವತ್ತ ವರ್ಷದಾಗ ಹಿಂಗಾಗಿಲ್ಲ." ನನ್ನ ಭುಜ ಹಿಡಿದು ಅಲುಗಿಸಿದರು. ಆಮೇಲೆ ಫಿಲ್ಮಿನ ಆ ಕಡೆ ಈ ಕಡೆ ನೋಡುತ್ತ ಕೇಳಿದರು. "ಏನ ಹೋಗಿತ್ತು ಇಲ್ಲೆ?"

ಆಕೆ ಕಿಟಕಿಯ ಹತ್ತಿರ ನಿಂತು 'ಇಷ್ಟ ಸಣ್ಣಾಕೇನ್ರಿ ನಾನು' ಎಂದಾಗ ಅವರೂ ಅಲ್ಲೇ ಇದ್ದರು. ನೆನಪು ಮಾಡಿಕೊಟ್ಟಿದ್ದರೆ ನೆನಪಾಗುತ್ತಿತ್ತು. ಆದರೆ ಆಕೆಯ ಮುಖವನ್ನು ಅವರ ಕಣ್ಣು ಕಂಡಿರಲಿಲ್ಲ, ಆ ರೀಲಿನಲ್ಲಿ ಯಾರು ಎಲ್ಲಿದ್ದರೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದವನು ನಾನೊಬ್ಬ.

"ಏನಿಲ್ರಿ," ಎಂದೆ. "ಹರದಿತ್ತು."

"ಕಾಗದಾ ತಗೋ. ಪೆನ್ನ ತಗೋ," ಎಂದರು ಇಮಾಮಸಾಬರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ತಮ್ಮ ಪತ್ರಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ನಾನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತೆ. ಅವರು ಮಳೆಯ ಕಡೆ ಮುಖ ಮಾಡಿ, ನಿಧಾನವಾಗಿ, ಮದ್ರಾಸಿನವನಿಗೆ ಕೇಳಿಸಲಿ ಎಂಬಂತೆ ಗಟ್ಟಿಯಾಗಿ ಹೇಳಿದರು. ಈ ಹುಡುಗನನ್ನು ನಿನ್ನ ಕೋಣೆಯಲ್ಲಿ ಇಟ್ಟುಕೊ. ಇವನ ಕೈ ಛಲೋ ಐತಿ. ಇಂವ ತಗದಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ.

ಅವರು ಹೇಳಿದ್ದನ್ನು ಒಂದು ಅಕ್ಷರವೂ ಬಿಡದೆ ಬರೆದೆ.